ಅಲ್ಯೂಮಿನಿಯಂ ಚಿಪ್ಸ್ ಮಾರೋಕೆ ಮೂರು ದಾರಿ: ನಮ್ಮ ಶೆಡ್‌ನಲ್ಲಿ ಒಂದು ವರ್ಷ

ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಶೆಡ್. ಲೋಹ ಕೊರೆದು ಪಾರ್ಟ್ ಮಾಡುವ ಕಂಪ್ಯೂಟರ್ ಮಷೀನ್‌ಗಳು: ಮೂರು ವಿಎಂಸಿ, ಒಂದು ಸಿಎನ್‌ಸಿ ಲೇತ್. ಕೆಲಸ ಬಹುಪಾಲು ಅಲ್ಯೂಮಿನಿಯಂದೇ. ಕೆಲವು ಪಾರ್ಟ್‌ಗೆ ಹತ್ತು ಕೆಜಿ ಬ್ಲಾಕ್ ಏರಿಸಿದರೆ ಕೈಗೆ ಸಿಗುವುದು ನಾಲ್ಕು ಕೆಜಿ. ಮಿಕ್ಕ ಆರು ಕೆಜಿ ಕೊರೆಯುವಾಗ ಉದುರುವ ಚೂರು, ಅಂದರೆ ಚಿಪ್ಸ್.

ಅದಿರಿನಿಂದ ಅಲ್ಯೂಮಿನಿಯಂ ತೆಗೆಯುವಾಗ ಸ್ಮೆಲ್ಟರ್‌ನಲ್ಲಿ ಕೆಜಿಗೆ ಸುಮಾರು 14 ಯೂನಿಟ್ ಕರೆಂಟ್ ಬೇಕು. ಅಂದರೆ ಆ ಆರು ಕೆಜಿಗೆ 80 ಯೂನಿಟ್‌ಗೂ ಜಾಸ್ತಿ ಖರ್ಚಾಗಿದೆ. ಮತ್ತೆ ಕರಗಿಸಿದರೆ, ಹೊಸದಾಗಿ ಮಾಡುವ ಶಕ್ತಿಯ 5 ಶೇಕಡಾದಷ್ಟೇ ಸಾಕು. ಈ ಲೆಕ್ಕ ತಲೆಗೆ ಹೊಕ್ಕ ಮೇಲೆ ಚಿಪ್ಸ್ ಡ್ರಮ್ಮನ್ನು ಕಸ ಅನ್ನೋಕೆ ಮನಸ್ಸು ಬರಲಿಲ್ಲ.

ಮೊದಲು ಎಲ್ಲರಂತೆ ನಾವೂ ಗುಜರಿಗೆ ಹಾಕುತ್ತಿದ್ದೆವು. ಫೋನ್ ಮಾಡಿದರೆ ಟೆಂಪೋ ಬರುತ್ತದೆ, ತೂಕ ಆಗುತ್ತದೆ, ಸಂಜೆಯೊಳಗೆ ದುಡ್ಡು. ಇಷ್ಟು ಸುಲಭ ಬೇರೆ ಯಾವುದೂ ಇಲ್ಲ. ಆದರೆ 6061, 7075 ಅನ್ನೋ ಎರಡು ಗ್ರೇಡ್ ಅಲ್ಯೂಮಿನಿಯಂ ಮಿಶ್ರಲೋಹವೂ ಒಂದೇ ಡ್ರಮ್, ಮೇಲೆ ಕೂಲೆಂಟ್, ಅಂದರೆ ಕೊರೆಯುವಾಗ ತಂಪಿಗೆ ಸುರಿಯುವ ದ್ರವ. "ನೀರಿದೆ ಸಾರ್" ಅಂತ ಅವರು ತೂಕದಲ್ಲಿ ಕಡಿಯುತ್ತಿದ್ದರು. ಅದು ನ್ಯಾಯವೇ. 7075ರಲ್ಲಿ ಸತುವು 5 ಶೇಕಡಾಗಿಂತ ಹೆಚ್ಚು. ಅದು ಬೆರೆತರೆ ಮತ್ತೆ 6061 ಮಾಡುವುದು ಕಷ್ಟ, ಎರಕದ ಮಿಶ್ರಲೋಹಕ್ಕೆ ಹೋಗುತ್ತದೆ. ಒಳ್ಳೆ ಲೋಹ ಒಂದು ಮೆಟ್ಟಿಲು ಕೆಳಗಿಳಿದ ಹಾಗೆ. ನನಗೆ ಜಾಸ್ತಿ ಸಂಕಟ ಆಗಿದ್ದು ಮೂಟೆಯಿಂದ ಸೋರಿ ಚರಂಡಿಗೆ ಹರಿದ ಕೂಲೆಂಟ್ ನೋಡಿ. ಇಲ್ಲಿನ ಕೊಳಕು ವೃಷಭಾವತಿ ನದಿಗೆ ಸೇರುವುದು ಊರಿಗೇ ಗೊತ್ತಲ್ವಾ?

ಆಮೇಲೆ ಗ್ರೇಡ್‌ಗೊಂದು ಬಣ್ಣದ ಡ್ರಮ್ ಇಟ್ಟೆವು. ಗಿರಗಿರ ತಿರುಗಿಸಿ ದ್ರವ ಹೊರತೆಗೆಯುವ ಸೆಂಟ್ರಿಫ್ಯೂಜ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು ಚಿಪ್ಸ್ ಹಿಂಡಿ, ಕರಗಿಸುವವರಿಗೇ ನೇರ ಕೊಟ್ಟೆವು. ಜಾಬ್ ಬದಲಾದಾಗಲೆಲ್ಲ ಮಷೀನ್ ಗುಡಿಸಲು ಇಪ್ಪತ್ತು ನಿಮಿಷ. ಹುಡುಗರು ಮೊದಲು ಗೊಣಗಿದರು, ನನಗೂ ಬೇಜಾರಾಯಿತು. ನೂರು ಕೆಜಿ ಹಿಂಡಿದರೆ ತೂಕ 88ಕ್ಕೆ ಇಳಿಯುತ್ತದೆ, ಆದರೆ ಕಡಿತ ಇಲ್ಲ, ದರವೂ ಗ್ರೇಡ್‌ನದೇ. ನಾನು ಲೆಕ್ಕಕ್ಕೇ ಹಿಡಿಯದಿದ್ದ ಲಾಭ ಕೂಲೆಂಟ್‌ನದು. ಸೋಸಿ ಮತ್ತೆ ಟ್ಯಾಂಕಿಗೆ ಹಾಕುತ್ತೇವೆ, ಹೊಸ ಡಬ್ಬ ತರೋದು ಕಮ್ಮಿಯಾಗಿದೆ. ಗಟ್ಟಿ ತುಂಡುಗಳನ್ನು ಬೇರೆ ಇಟ್ಟರೆ ಅವಕ್ಕೆ ಎಲ್ಲಕ್ಕಿಂತ ಒಳ್ಳೆ ರೇಟು.

ಮೂರನೆಯದು, ಚಿಪ್ಸ್ ಒತ್ತಿ ಗಟ್ಟಿ ಬಿಲ್ಲೆ ಮಾಡಿಸುವುದು. ಪರಿಸರಕ್ಕೆ ಇದೇ ಮೇಲು ಅಂತ ಈಗಲೂ ನಂಬಿದ್ದೇನೆ. ಬಿಡಿ ಚಿಪ್ಸ್ ಕುಲುಮೆಯಲ್ಲಿ ತೇಲುತ್ತಾ ಗಾಳಿಗೆ ಸುಟ್ಟು ಕಿಟ್ಟವಾಗುತ್ತವೆ. ಬಿಲ್ಲೆ ಕರಗಿದ ಲೋಹದೊಳಗೆ ಮುಳುಗುತ್ತದೆ, ನಷ್ಟ ಕಡಿಮೆ. ಆದರೆ ಪ್ರೆಸ್ ಕೊಳ್ಳಲು ಲಕ್ಷಗಟ್ಟಲೆ ಬೇಕು. ಜಾಬ್‌ವರ್ಕ್‌ಗೆ ಕೊಟ್ಟು ನೋಡಿದೆವು. ಹೋಗಿಬರುವ ಟೆಂಪೋ ಬಾಡಿಗೆಯೇ ಹೆಚ್ಚಿನ ದರವನ್ನು ತಿಂದುಹಾಕಿತು. ದಿನಕ್ಕೆ ಟನ್ ಲೆಕ್ಕದಲ್ಲಿ ಚಿಪ್ಸ್ ಬರುವವರಿಗೆ ಸರಿ, ನಮಗಲ್ಲ.

ಹಾಗಾಗಿ ಅಲ್ಯೂಮಿನಿಯಂಗೆ ಎರಡನೇ ದಾರಿಯಲ್ಲೇ ನಿಂತಿದ್ದೇವೆ. ಸ್ಟೀಲ್ ಚಿಪ್ಸ್ ಈಗಲೂ ಗುಜರಿಗೇ ಹೋಗುತ್ತದೆ. ಅದರ ದರಕ್ಕೆ ಇಷ್ಟು ಪಾಡು ಪಟ್ಟರೆ ಗಿಟ್ಟುವುದಿಲ್ಲ, ಆದರೆ ಅದನ್ನೂ ಹಿಂಡಿಯೇ ಕೊಡುತ್ತೇವೆ. ನಮ್ಮ ರಸ್ತೆಯ ನಾಲ್ಕೈದು ಶೆಡ್‌ನವರು ಸೇರಿ ಒಂದು ಪ್ರೆಸ್ ಹಾಕೋಣ ಅಂತ ಮಾತು ನಡೆದಿದೆ. ಯಾರೂ ಗ್ರೇಡ್ ಬೆರೆಸದಿದ್ದರೆ ಮಾತ್ರ ಅದು ಆಗುವ ಕೆಲಸ. ಪಕ್ಕದ ಶೆಡ್‌ನವರು ಹೋದ ವಾರ ತಮ್ಮ ಡ್ರಮ್‌ಗಳಿಗೂ ಬಣ್ಣ ಹೊಡೆಸಿದರು.