ಕಾಕಪೋಗೆ ಕೊಡೋದಾ, ಸೌತ್ ಜಾರ್ಜಿಯಾಗಾ?

ದೂರದ ಹಕ್ಕಿಗಳಿಗೆ ಒಂದಿಷ್ಟು ದುಡ್ಡು ಕೊಡಬೇಕು ಅಂತಿದ್ದೀರಾ? ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನ್ಯೂಜಿಲೆಂಡಿನ ಕಾಕಪೋ ಹಾರಲು ಬಾರದ ದಪ್ಪ ಗಿಳಿ. 1995ರಲ್ಲಿ ಉಳಿದಿದ್ದು ಬರೀ 51. 2022ಕ್ಕೆ 252 ಆದವು. ಬೆಕ್ಕುಗಳ ಕಾಟ ಇಲ್ಲದ ದ್ವೀಪಗಳಲ್ಲಿ ಬಿಟ್ಟು, ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ಕಾಯುತ್ತಾರೆ. ದೊಡ್ಡ ಹಕ್ಕಿಗಳಿಗೆಲ್ಲ ಒಂದೊಂದು ಹೆಸರೂ ಇದೆ! ರಿಮು ಮರ ಚೆನ್ನಾಗಿ ಹಣ್ಣು ಬಿಟ್ಟರೆ ಮಾತ್ರ ಮೊಟ್ಟೆ ಇಡುತ್ತವೆ. ಅಂದರೆ ಎರಡರಿಂದ ನಾಲ್ಕು ವರ್ಷಕ್ಕೊಮ್ಮೆ. ಹಾಗಾಗಿ ಫಲ ಬೇಗ ಕಾಣೋದಿಲ್ಲ, ಖರ್ಚು ಮಾತ್ರ ನಿಲ್ಲೋದಿಲ್ಲ.

ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾದ ಕತೆ ಬೇರೆ. ಬೇಟೆಗಾರರ ಹಡಗುಗಳಲ್ಲಿ ಬಂದಿಳಿದ ಇಲಿಗಳು ಮೊಟ್ಟೆ, ಮರಿ ತಿಂದು ಹಾಕಿದ್ದವು. 2011ರಿಂದ 2015ರ ನಡುವೆ ಹೆಲಿಕಾಪ್ಟರ್‌ನಿಂದ ವಿಷದ ಕಾಳು ಸುರಿದರು. ಅದಕ್ಕೆ ಕೆಲವು ಹಕ್ಕಿಗಳೂ ಬಲಿಯಾದವು, ಅದನ್ನು ಮುಚ್ಚಿಡಬಾರದು. 2018ರಲ್ಲಿ ದ್ವೀಪ ಇಲಿಮುಕ್ತ ಎಂದು ಘೋಷಣೆಯಾಯಿತು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಅಲ್ಲಿನ ಪಿಪಿಟ್ ಹಕ್ಕಿ ಈಗ ಹೆಚ್ಚುತ್ತಿದೆ.

ಒಂದೇ ಏಟಿಗೆ ಹಲವು ಜಾತಿಗಳಿಗೆ ಲಾಭ ಆಗಿದ್ದು ಇಲ್ಲೇ. ಆದರೆ ದೊಡ್ಡ ಕೆಲಸ ಮುಗಿದಿದೆ, ಇನ್ನು ಇಲಿ ಮತ್ತೆ ಹಡಗಿನಿಂದ ಇಳಿಯದಂತೆ ಕಾಯಬೇಕು, ಅಷ್ಟೆ. ಹಾಗಾಗಿ ನನ್ನ ದುಡ್ಡು ಈ ವರ್ಷ ಗಿಳಿಗೇ.