ಹೊನ್ನೆ ಮರದ ಲೋಟ: ಶುಗರ್ ಇರುವವರು ಕೊಳ್ಳುವ ಮುಂಚೆ

ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕುಡಿದರೆ ಶುಗರ್ ಇಳಿಯುತ್ತದೆ ಎಂದು ಹೇಳಿ ಮಾರುವ ಲೋಟವಿದು. ಬಹುಕಾಲ ಬಳಸಿದ ಮೇಲೂ ಲೋಟದ ಬಗ್ಗೆ ದೂರಿಲ್ಲ. ಆದರೆ ಔಷಧಿ ಅಂತ ಇದನ್ನು ನೆಚ್ಚಿಕೊಳ್ಳುವಂತಿಲ್ಲ.

ಮೊದಲು ಅಸಲಿಯೋ ನಕಲಿಯೋ ನೋಡಿ. ಹೊನ್ನೆಯ ಚೇಗಿನಿಂದ (ಕಾಂಡದ ನಡುವಿನ ಗಟ್ಟಿ ಭಾಗ) ಕಡೆದ ಲೋಟ ನಿಧಾನಕ್ಕೆ ಬಣ್ಣ ಬಿಡುತ್ತದೆ, ಬೆಳಗಾಗುವಷ್ಟರಲ್ಲಿ ನೀರು ಕಂದಾಗಿರುತ್ತದೆ. ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ನೀಲಿ ಛಾಯೆ ಮಿನುಗುತ್ತದೆ. ನೀರು ಹುಯ್ದ ಕೂಡಲೇ ಕೆಂಪಾಗಿ, ನೀಲಿ ಕಾಣದೇ ಹೋದರೆ ಬಣ್ಣ ಹಚ್ಚಿದ ಬೇರೆ ಮರವಿರಬಹುದು. ಸೋಪು ಬೇಡ, ಬರೀ ನೀರಲ್ಲಿ ತೊಳೆದು ನೆರಳಲ್ಲಿ ಬೋರಲು ಹಾಕಿ. ಬಿಸಿಲಿಗಿಟ್ಟರೆ ಸೀಳು ಬಿಡುತ್ತದೆ, ತೇವದಲ್ಲೇ ಬಿಟ್ಟರೆ ತಳದಲ್ಲಿ ಬೂಸ್ಟು. ಬೂಸ್ಟು ಕಂಡ ಲೋಟದಲ್ಲಿ ಕುಡಿಯಬೇಡಿ.

ನಿಜವಾದ ತೊಂದರೆ ಪ್ರಮಾಣದ್ದು. ಹೊಸ ಲೋಟದ ನೀರು ದಟ್ಟ, ಹಳೆಯದಾದಂತೆ ತೆಳು. ಉಪ್ಪುಕಾಗದದಿಂದ ಒಳಗೆ ಉಜ್ಜಿದರೆ ಮತ್ತೆ ದಟ್ಟವಾಗುತ್ತದೆ. ಇಂದು ಕುಡಿದದ್ದೆಷ್ಟು, ನಾಳೆ ಎಷ್ಟು ಎಂದು ಯಾರೂ ಹೇಳಲಾರರು. ಮಾರುವವರು ಎತ್ತಿ ತೋರಿಸುವ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ 1998ರದ್ದು. ಹೊಸದಾಗಿ ಮಧುಮೇಹ ಗೊತ್ತಾದ 97 ಜನರಿಗೆ 12 ವಾರ ವಿಜಯಸಾರ (ಹೊನ್ನೆಯ ಇನ್ನೊಂದು ಹೆಸರು) ಕೊಟ್ಟಾಗ 67 ಜನರಲ್ಲಿ ಸಕ್ಕರೆ ಹತೋಟಿಗೆ ಬಂತು. ಅಲ್ಲಿ ಕೊಟ್ಟದ್ದು ಅಳತೆ ಗೊತ್ತಿದ್ದ ಔಷಧಿ, ಲೋಟದ ನೀರಲ್ಲ. ಹೋಲಿಸಿ ನೋಡಲು ಔಷಧಿ ಪಡೆಯದ ಇನ್ನೊಂದು ಗುಂಪೂ ಇರಲಿಲ್ಲ. ಶುಗರ್ ಗೊತ್ತಾದ ಹೊಸದರಲ್ಲಿ ಎಲ್ಲರೂ ಅನ್ನ, ಸಿಹಿ ಕಡಿಮೆ ಮಾಡುತ್ತಾರೆ. ಇಳಿದದ್ದು ಯಾವುದರಿಂದ ಎಂದು ಬಿಡಿಸಿ ಹೇಳುವುದು ಹೇಗೆ?

ಮನೆಯ ಗ್ಲುಕೋಮೀಟರ್ ನಂಬಿ ತೀರ್ಮಾನಿಸುವುದೂ ತಪ್ಪು. ಅಂತರರಾಷ್ಟ್ರೀಯ ಮಾನದಂಡವೇ 100 ದಾಟಿದ ರೀಡಿಂಗ್‌ಗೆ ಶೇ. 15ರಷ್ಟು ಹೆಚ್ಚುಕಡಿಮೆ ಒಪ್ಪುತ್ತದೆ. ಅಂದರೆ 160 ಇದ್ದದ್ದು 145 ಆಯಿತೆಂದು ಹಿಗ್ಗುವ ಹಾಗಿಲ್ಲ. ಶುರು ಮಾಡುವ ಮುಂಚೆ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ರಕ್ತಪರೀಕ್ಷೆ ಒಂದು ಮಾಡಿಸಿ, ಮೂರು ತಿಂಗಳಾದ ಮೇಲೆ ಅದೇ ಲ್ಯಾಬಿನಲ್ಲಿ ಇನ್ನೊಂದು. ನಡುವೆ ಮಾತ್ರೆ, ಊಟ, ನಡಿಗೆ ಯಾವುದನ್ನೂ ಬದಲಿಸಬೇಡಿ, ಬದಲಿಸಿದರೆ ಲೆಕ್ಕ ಕೆಡುತ್ತದೆ. ಡಾಕ್ಟರಿಗೆ ಮುಚ್ಚಿಡಲೂಬೇಡಿ.

ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇನ್ನಷ್ಟು ಹುಷಾರಾಗಿರಬೇಕು, ಶುಗರ್ ತೀರಾ ಇಳಿದುಬಿಡಬಹುದು. ಬೆವರು, ನಡುಕ, ಎದೆಬಡಿತ ಬಂದರೆ ಶುಗರ್ ಚೆಕ್ ಮಾಡಿ. 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಲೋಟದ ಜೊತೆ ಹೆಸರು, ಲೈಸೆನ್ಸ್ ನಂಬರ್ ಇಲ್ಲದ ಪುಡಿ ಕೊಟ್ಟರೆ ವಾಪಸ್ ಕೊಡಿ. ಗಿಡಮೂಲಿಕೆ ಎನ್ನುವ ಇಂಥ ಪುಡಿಗಳಲ್ಲಿ ಗ್ಲೈಬೆನ್‌ಕ್ಲಮೈಡ್ ಎಂಬ ಶುಗರ್ ಇಳಿಸುವ ಅಲೋಪತಿ ಔಷಧಿ ಬೆರೆಸಿದ್ದು ಲ್ಯಾಬ್ ಪರೀಕ್ಷೆಗಳಲ್ಲಿ ಸಿಕ್ಕಿದೆ. ಮಧುಮೇಹ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯಡಿ ಅಪರಾಧ.

ಟೈಪ್ 1 (ಇನ್ಸುಲಿನ್ ಇಲ್ಲದೆ ಆಗದ ಮಧುಮೇಹ) ಇರುವ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಕಳಕಳಿಯಿಂದ ಕೇಳುವುದಿಷ್ಟೇ: ಈ ನೀರನ್ನು ನಂಬಿ ಇನ್ಸುಲಿನ್ ನಿಲ್ಲಿಸಬೇಡಿ. ನಿಲ್ಲಿಸಿದರೆ ಒಂದೆರಡು ದಿನದಲ್ಲೇ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಏರಿ ವಾಂತಿ, ಹೊಟ್ಟೆನೋವು, ಏದುಸಿರು ಶುರುವಾಗಬಹುದು. ಆಗ ಮನೆಮದ್ದು ಹುಡುಕದೆ ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದೊಯ್ಯಿರಿ.