ಸಾಗವಾನಿ ಹಲಗೆ ಮೇಲೆ ಲ್ಯಾಮಿನೇಟ್: ಒಂದು ಮಳೆಗಾಲ ಕಳೆದ ಮೇಲೆ

ಬೆಳಗಾವಿಯ ಶಹಾಪುರದಲ್ಲಿ ನಮ್ಮದು ಅಜ್ಜನ ಕಾಲದ ಮನೆ. ಮಹಡಿ ಕೋಣೆಗೆ ಸಾಗವಾನಿ ಹಲಗೆಯ ನೆಲ. ಸಂದು ಬಿದ್ದು, ಮೇಲೆ ಕಸ ಗುಡಿಸಿದರೆ ಕೆಳಗೆ ಊಟಕ್ಕೆ ಕೂತವರ ತಾಟಿಗೆ ಧೂಳು ಉದುರುತ್ತಿತ್ತು. ಮೇ ತಿಂಗಳಲ್ಲಿ ಅದರ ಮೇಲೆಯೇ ಲ್ಯಾಮಿನೇಟ್, ಅಂದರೆ ಮರದಂತೆ ಕಾಣುವ ಸಿದ್ಧ ನೆಲಪಟ್ಟಿ, ಹಾಕಿಸಿದೆವು. ಅಂಗಡಿಯ ಹೆಸರು ಬೇಡ, ಬಿಡಿ.

ಕೋಣೆ 12ಕ್ಕೆ 15 ಅಡಿ. 8 ಮಿ.ಮೀ. ದಪ್ಪದ ಪಟ್ಟಿ, ಅದರ ಕೆಳಗೆ ಹಾಸುವ ಫೋಮ್, ಕೂಲಿ ಎಲ್ಲ ಸೇರಿ ಚದರಡಿಗೆ 135 ರೂಪಾಯಿ. ಕತ್ತರಿಸುವಾಗ ಹಾಳಾಗುವುದೂ ಸೇರಿ 198 ಚದರಡಿ ಲೆಕ್ಕ ಹಿಡಿದರು. ಗೋಡೆಯ ಬುಡಕ್ಕೆ ಬಡಿಯುವ ಪಟ್ಟಿ, ಅಂದರೆ ಸ್ಕರ್ಟಿಂಗ್, ಬೇರೆ. ಒಟ್ಟು 28,980.

ಮಿಸ್ತ್ರಿಗೆ ಪೂರ್ತಿ ಮಾರ್ಕು. ಮೊದಲ ದಿನ ಬಾಕ್ಸ್ ಬಿಚ್ಚಲೇ ಇಲ್ಲ. ನೆಲದ ತುಂಬಾ ಓಡಾಡಿ, ಕಿರ್ ಅಂದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಆ ಹಲಗೆಗಳನ್ನು ತೊಲೆಗೆ ಸ್ಕ್ರೂ ಹಾಕಿ ಬಿಗಿದ. ಎದ್ದ ಅಂಚಿಗೆ ರಂದಾ ಹೊಡೆದ. ಹೊಸ ಪಟ್ಟಿಗಳನ್ನು ಹಳೇ ಹಲಗೆಗಳಿಗೆ ಅಡ್ಡಲಾಗಿ ಕೂರಿಸಿದ. ಉದ್ದಕ್ಕೇ ಹಾಕಿದರೆ ಹಲಗೆಯ ಸೊಟ್ಟ ಮೇಲಿನ ಜೋಡಣೆಗೂ ಬರುತ್ತದಂತೆ. ಪ್ಲಾಸ್ಟಿಕ್ ಹಾಳೆ ಹಾಸೋಣವೇ ಎಂದೆ. "ಬ್ಯಾಡ್ರಿ ಸರ್, ಪಸೆ ಒಳಗ ಸಿಕ್ಕೊಂಡು ಕಟಗಿ ಕೊಳೀತೈತಿ" ಎಂದ. ಅಂಟೂ ಇಲ್ಲ, ಮೊಳೆಯೂ ಇಲ್ಲ, ಪಟ್ಟಿಗೆ ಪಟ್ಟಿ ಕಚ್ಚಿಕೊಂಡು ನಿಲ್ಲುತ್ತದೆ. ಅಜ್ಜನ ಸಾಗವಾನಿ ಕೆಳಗೆ ಹಾಗೇ ಇದೆ.

ಎಡವಟ್ಟಾಗಿದ್ದು ಕೊನೆಯ ಸಾಲಿನಲ್ಲಿ. ಮರುದಿನ ಬೇರೆ ಕಡೆ ಕೆಲಸ ಇದೆ ಎಂದು ಅಂಗಡಿಯವರು ಮಿಸ್ತ್ರಿಯನ್ನು ಕರೆಸಿಕೊಂಡರು. ಉಳಿದದ್ದನ್ನು ಜೊತೆಗಿದ್ದ ಹುಡುಗ ಮುಗಿಸಿದ. ಗೋಡೆಗೂ ಪಟ್ಟಿಗೂ ನಡುವೆ 8ರಿಂದ 10 ಮಿ.ಮೀ. ಖಾಲಿ ಬಿಡಬೇಕಿತ್ತು, ಬಿಟ್ಟಿರಲಿಲ್ಲ. ಸ್ಕರ್ಟಿಂಗ್ ಬಡಿದ ಮೇಲೆ ಯಾರಿಗೆ ಕಾಣಬೇಕು? ನಮ್ಮೂರ ಜುಲೈ ಮಳೆ ಗೊತ್ತಲ್ಲ, ಬಟ್ಟೆ ವಾರವಾದರೂ ಒಣಗುವುದಿಲ್ಲ. ಲ್ಯಾಮಿನೇಟ್‌ನ ಒಳಗಿರುವುದು ಒತ್ತಿ ಮಾಡಿದ ಮರದ ನಾರು, ಪಸೆ ಹಿಡಿದರೆ ಹಿಗ್ಗುತ್ತದೆ. ಹಿಗ್ಗಲು ಜಾಗ ಇಲ್ಲ. ನಡುವೆ ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತು.

ನಾಲ್ಕು ಸಲ ಫೋನ್ ಮಾಡಿದೆ. "ಮಳಿ ನಿಂತ ಮ್ಯಾಲ ತಾನ ಕುಂದರತೈತ್ರಿ" ಅನ್ನುವುದೇ ಉತ್ತರ. ಕೊನೆಗೆ ಅಂಗಡಿಗೇ ಹೋಗಿ ಕೂತೆ. ಅದೇ ಮಿಸ್ತ್ರಿ ಬಂದು ಸ್ಕರ್ಟಿಂಗ್ ಕಿತ್ತು ಅಂಚು ಕತ್ತರಿಸಿದ. ಎರಡು ದಿನಕ್ಕೆ ಮಟ್ಟಸವಾಯಿತು. ದುಡ್ಡು ಕೇಳಲಿಲ್ಲ, ಕೇಳಿದ್ದರೆ ಜಗಳವೇ ಆಗುತ್ತಿತ್ತು.

ನೀವು ಹಾಕಿಸುವುದಾದರೆ ಸ್ಕರ್ಟಿಂಗ್ ಬಡಿಯುವ ಮೊದಲು ನಾಲ್ಕೂ ಗೋಡೆ ಸುತ್ತಿ ನೋಡಿ. ಬಾಕ್ಸ್‌ಗಳನ್ನು 48 ಗಂಟೆ ಅದೇ ಕೋಣೆಯಲ್ಲಿ ಇಡಿಸಿ. ನೆಲ ಎತ್ತರವಾಗಿ ಬಾಗಿಲು ಉಜ್ಜುತ್ತದೆ, ಅದನ್ನು ಯಾರು ಕೊಯ್ಯಬೇಕು ಅಂತಲೂ ಮೊದಲೇ ಮಾತಾಡಿ. ನಮಗೆ ಅದಕ್ಕೇ 400 ರೂಪಾಯಿ ಬೇರೆ ಹೋಯಿತು.

ಈಗ ಧೂಳಿಲ್ಲ, ಕಿರ್ ಸದ್ದಿಲ್ಲ. ನಡೆದರೆ ಸ್ವಲ್ಪ ಟೊಳ್ಳು ಸದ್ದು ಬರುತ್ತದೆ, ಅಷ್ಟೇ. ನೀರು ಹಾಕಿ ಒರೆಸುವಂತಿಲ್ಲ ಅನ್ನುವುದನ್ನು ಮಾತ್ರ ಅವ್ವ ಇನ್ನೂ ಒಪ್ಪಿಲ್ಲ. ಅಮಾವಾಸ್ಯೆ ಬಂದರೆ ಬಕೆಟ್ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಹಿಂದೆ ನಾನು, ಒಣ ಬಟ್ಟೆ ಹಿಡಿದು.